ಆ್ಯಪ್ ಹೇಳಿದ ಮೀನು, ಅಪ್ಪ ಹೇಳಿದ ಮೀನು

ಈ ಸಲ ವಿಮರ್ಶೆಗೆ ತಗೊಂಡಿರೋದು ಕಾದಂಬರಿ ಅಲ್ಲ, ಸಿನಿಮಾನೂ ಅಲ್ಲ. ಮೂರು ವಸ್ತುಗಳು: ಸರ್ಕಾರದವರು ಹಂಚೋ ಮೀನಿನ ಚಾರ್ಟು, ಒಂದು ದಪ್ಪ ಕೈಪಿಡಿ, ಮತ್ತೆ ಫೋಟೋ ತೆಗೆದರೆ ಮೀನಿನ ಹೆಸರು ಹೇಳೋ ಒಂದು ಆ್ಯಪು. ಇವನ್ನೆಲ್ಲ ಯಾರಾದ್ರೂ ವಿಮರ್ಶೆ ಮಾಡ್ತಾರಾ ಅಂತ ನೀವು ಕೇಳಬಹುದು. ಹೋದ ವರ್ಷ ಮೂರನ್ನೂ ಜೊತೆಯಲ್ಲಿಟ್ಟುಕೊಂಡೇ ನಾನು ತಪ್ಪು ಮೀನೊಂದನ್ನು ಕೊಂದೆ. ಅವತ್ತಿನಿಂದ ಇವನ್ನು ಗಂಭೀರವಾಗಿ ಓದೋಕೆ ಶುರು ಮಾಡಿದೀನಿ.

ನಡೆದದ್ದು ಇಷ್ಟು. ನಾನಿರೋದು ವರ್ಜೀನಿಯಾದ ಉತ್ತರ ಭಾಗದಲ್ಲಿ. ಮದ್ದೂರು ಕಡೆಯಿಂದ ಅಪ್ಪ ಆರು ತಿಂಗಳಿಗೆ ಅಂತ ಬಂದಿದ್ರು. ಮನೆಯೊಳಗೆ ಕೂತು ಕೂತು ಬೇಜಾರಾಗಿದ್ದ ಅವರನ್ನು ಒಂದು ಶನಿವಾರ ರಿಚ್ಮಂಡ್ ಹತ್ತಿರದ ಚಿಕಹಾಮನಿ ಕೆರೆಗೆ ಕರ್ಕೊಂಡು ಹೋದೆ. ಇಲ್ಲಿ 16 ವರ್ಷ ತುಂಬಿದವರು ಗಾಳ ಹಾಕಬೇಕಂದ್ರೆ ಲೈಸೆನ್ಸ್ ಬೇಕು. ನನಗಿತ್ತು, ಅಪ್ಪನಿಗೆ ತಗೊಂಡಿರಲಿಲ್ಲ. ಹಾಗಾಗಿ ಶಿಂಷಾ ನದಿಯಲ್ಲಿ ಹುಡುಗನಾಗಿದ್ದಾಗಿನಿಂದ ಗಾಳ ಹಾಕಿದ ಮನುಷ್ಯ ಮಡಚೋ ಕುರ್ಚಿಯಲ್ಲಿ ಕೂತು, ಎರಡು ವರ್ಷದ ಹಿಂದೆ ಯೂಟ್ಯೂಬ್ ನೋಡಿ ಕಲಿತ ನನ್ನನ್ನು ನೋಡ್ತಿದ್ದರು. ಪಾಪ, ಎಷ್ಟು ತಡ್ಕೊಂಡಿದ್ದರೋ.

ಹತ್ತು ಗಂಟೆ ಸುಮಾರಿಗೆ ಒಂದು ಉದ್ದನೆ ಮೀನು ಬಿತ್ತು. ಹಸಿರು ಮಿಶ್ರಿತ ಕಂದು ಮೈ, ಬೆನ್ನುದ್ದಕ್ಕೂ ಒಂದೇ ರೆಕ್ಕೆ, ದುಂಡನೆ ಬಾಲ, ಬಾಯಿ ತುಂಬ ಹಲ್ಲು. ನನ್ನ ತಲೆಗೆ ಬಂದದ್ದು ಒಂದೇ ಹೆಸರು: ಸ್ನೇಕ್‌ಹೆಡ್. ಆ್ಯಪ್ ತೆಗೆದು ಫೋಟೋ ಹೊಡೆದೆ. ‘ನಾರ್ದರ್ನ್ ಸ್ನೇಕ್‌ಹೆಡ್, 94%’ ಅಂತ ಬಂತು. ಚಾರ್ಟ್ ನೋಡಿದೆ. ಇದನ್ನೇ ಹೋಲುವ ಇನ್ನೊಂದು ಮೀನಿದೆ, ಬೋಫಿನ್ ಅಂತ, ಅದಕ್ಕೆ ಬಾಲದ ಬುಡದಲ್ಲಿ ಕಪ್ಪು ಚುಕ್ಕೆ ಇರುತ್ತೆ ಅಂತ ಚಿತ್ರ ಹೇಳ್ತಿತ್ತು. ನನ್ನ ಮೀನಿಗೆ ಚುಕ್ಕೆ ಇರಲಿಲ್ಲ. ಮುಗೀತಲ್ಲ! ಹೊರಗಿನಿಂದ ಬಂದು ಸೇರಿಕೊಂಡ ಮೀನು, ಜೀವಂತ ಇಟ್ಟುಕೊಂಡರೆ ಕಾನೂನಿಗೆ ವಿರುದ್ಧ. ಒಳ್ಳೆ ನಾಗರಿಕನ ಹಾಗೆ ತಲೆಗೆ ಎರಡೇಟು ಹಾಕಿದೆ.

ಅಪ್ಪ ಎದ್ದು ಬಂದರು. ಮೀನಿನ ತಲೆ ಮೇಲೆ ಹೆಬ್ಬೆರಳು ಸವರಿದರು. “ಇದು ಕೊರವ ಅಲ್ಲ ಕಣ್ಲಾ,” ಅಂದರು.

ಸ್ನೇಕ್‌ಹೆಡ್ ಅಂದರೆ ನಮ್ಮ ಕಡೆಯ ಕೊರವ ಮೀನಿನ ಕುಲ. ಕೆಲವರು ಕೊರಮ ಅಂತಾರೆ, ಊರೂರಿಗೆ ಹೆಸರು ಬೇರೆ. ಕೆರೆ ಬತ್ತಿದರೂ ಕೆಸರಲ್ಲಿ ಬದುಕಿರುತ್ತಲ್ಲ, ಅದೇ. ಅದರ ತಲೆ ಮೇಲೂ ಹುರುಪೆ ಇರುತ್ತೆ, ಹಾವಿನ ತಲೆಯ ಹಾಗೆ, ಇಂಗ್ಲಿಷ್ ಹೆಸರು ಬಂದದ್ದೇ ಅದರಿಂದ. ನಾನು ಕೊಂದ ಮೀನಿನ ತಲೆ ಬೋಳು, ಗಟ್ಟಿ ಮೂಳೆ. ಅದು ಬೋಫಿನ್. ಇಲ್ಲಿನ ಸ್ವಂತ ಮೀನು, ತುಂಬ ಹಳೇ ಮನೆತನದ ಕೊನೆಯ ಕುಡಿ. ಕಪ್ಪು ಚುಕ್ಕೆ ಎದ್ದು ಕಾಣೋದು ಗಂಡಿಗೆ. ಹೆಣ್ಣಿಗೆ ಅದು ಮಸುಕಾಗಿರುತ್ತೆ, ಅಥವಾ ಇರೋದೇ ಇಲ್ಲ. ಚಾರ್ಟಿನಲ್ಲಿ ಇದ್ದದ್ದು ಗಂಡು ಬೋಫಿನ್. ನನ್ನ ಕೈಯಲ್ಲಿದ್ದದ್ದು ಹೆಣ್ಣು.

ಈಗ ವಿಮರ್ಶೆಗೆ ಬರೋಣ.

ಮೊದಲು ಚಾರ್ಟು. ಅಮೆರಿಕದ ಬಹುತೇಕ ರಾಜ್ಯಗಳು ಇಂಥದ್ದೊಂದನ್ನು ಅಚ್ಚು ಹಾಕಿಸುತ್ತವೆ, ಬೈಟ್ ಅಂಗಡಿಗಳಲ್ಲಿ ಗೋಡೆಗೆ ಅಂಟಿಸಿರ್ತಾರೆ. ಕೆಲವು ನಿಜಕ್ಕೂ ಸುಂದರವಾಗಿರುತ್ತವೆ. ಜೋಸೆಫ್ ಟೊಮೆಲ್ಲೆರಿ ಅನ್ನೋ ಕಲಾವಿದ ಬಣ್ಣದ ಪೆನ್ಸಿಲ್‌ನಲ್ಲಿ ಬರೆದ ಮೀನುಗಳನ್ನು ನೋಡಿ, ಒಂದೊಂದು ಹುರುಪೆಯೂ ಬೆಳಕು ಹಿಡಿದಿರುತ್ತೆ. ನನ್ನ ತಕರಾರು ಸೌಂದರ್ಯದ ಬಗ್ಗೆ ಅಲ್ಲ. ಚಾರ್ಟಿನ ಮೀನುಗಳು ಮದುವೆ ಬ್ರೋಕರ್‌ಗೆ ಕೊಟ್ಟ ಫೋಟೋ ಇದ್ದ ಹಾಗೆ. ಎಲ್ಲಾ ಪಕ್ಕಕ್ಕೆ ತಿರುಗಿ, ರೆಕ್ಕೆ ಬಿಚ್ಚಿ, ಒಳ್ಳೆ ಬಟ್ಟೆ ಹಾಕ್ಕೊಂಡು ನಿಂತಿರ್ತಾವೆ. ಅದರಲ್ಲೂ ಹೆಚ್ಚಿನವು ಬೆದೆಗೆ ಬಂದ ಗಂಡುಗಳು, ಯಾಕಂದ್ರೆ ಬಣ್ಣ ಚೆನ್ನಾಗಿರೋದು ಅವಕ್ಕೇ. ಕೈಯಲ್ಲಿರೋ ಮೀನು ರೆಕ್ಕೆ ಮಡಚ್ಕೊಂಡಿರುತ್ತೆ, ಬಣ್ಣ ಬಿಟ್ಟಿರುತ್ತೆ, ಸುಮ್ಮನೆ ನಿಲ್ಲೋದಿಲ್ಲ.

ಬಣ್ಣವನ್ನು ನಂಬಿದರೆ ಏನಾಗುತ್ತೆ ಅನ್ನೋದಕ್ಕೆ ಕ್ರ್ಯಾಪಿ ಮೀನು ನೋಡಿ. ಎರಡು ಜಾತಿ: ಬ್ಲ್ಯಾಕ್ ಕ್ರ್ಯಾಪಿ, ವೈಟ್ ಕ್ರ್ಯಾಪಿ. ಹೆಸರು ಕೇಳಿದರೆ ಬಣ್ಣ ನೋಡಿ ಹೇಳಬಹುದು ಅನ್ಸುತ್ತೆ. ಆದರೆ ವಸಂತದಲ್ಲಿ ಗಂಡು ವೈಟ್ ಕ್ರ್ಯಾಪಿಯೇ ಕಪ್ಪಾಗಿಬಿಡುತ್ತೆ. ಎಣಿಸಬೇಕಾದದ್ದು ಬೆನ್ನುರೆಕ್ಕೆಯ ಮುಳ್ಳುಗಳನ್ನ. ಏಳೆಂಟಿದ್ದರೆ ಬ್ಲ್ಯಾಕ್, ಐದಾರಿದ್ದರೆ ವೈಟ್. ಇದು ಯಾವ ಬೆಳಕಲ್ಲೂ ಯಾವ ತಿಂಗಳಲ್ಲೂ ಕೆಲಸ ಮಾಡುತ್ತೆ. ಗೋಡೆಯ ಮೇಲಿನ ಚಾರ್ಟಿನಲ್ಲಿ ಮುಳ್ಳು ಎಣಿಸಿ ನೋಡಿ, ನಿಮಗೆ ತಾಳ್ಮೆ ಇದ್ದರೆ.

ಕ್ಯಾಟ್‌ಫಿಶ್‌ದೂ ಇದೇ ಕಥೆ. ಮೈಮೇಲೆ ಚುಕ್ಕೆ ಇದ್ದರೆ ಚಾನೆಲ್ ಕ್ಯಾಟ್‌ಫಿಶ್ ಅಂತ ಎಲ್ಲರೂ ಹೇಳ್ತಾರೆ. ಅದು ವಯಸ್ಸಾದ ಮೇಲೆ ಚುಕ್ಕೆ ಕಳ್ಕೊಂಡು ಬ್ಲೂ ಕ್ಯಾಟ್‌ಫಿಶ್ ಥರಾನೇ ಕಾಣುತ್ತೆ. ಹೊಟ್ಟೆಯಡಿ ಬಾಲದ ಮುಂದೆ ಒಂದು ಉದ್ದ ರೆಕ್ಕೆ ಇರುತ್ತಲ್ಲ, ಅದರ ಅಂಚು ನೇರವಾಗಿ ಸ್ಕೇಲ್ ಇಟ್ಟು ಕತ್ತರಿಸಿದ ಹಾಗಿದ್ದರೆ ಬ್ಲೂ, ದುಂಡಗಿದ್ದರೆ ಚಾನೆಲ್. ಇಲ್ಲಿ ಇದು ಬರೀ ಹೆಸರಿನ ಪ್ರಶ್ನೆ ಅಲ್ಲ. ಬ್ಲೂ ಕ್ಯಾಟ್‌ಫಿಶ್ಶನ್ನು 1970ರ ದಶಕದಲ್ಲಿ ವರ್ಜೀನಿಯಾದ ಜೇಮ್ಸ್, ರಪಹ್ಯಾನಕ್ ನದಿಗಳಿಗೆ ಗಾಳದವರ ಖುಷಿಗೆ ಅಂತಲೇ ತಂದು ಬಿಟ್ಟರು. ಈಗ ಚೆಸಪೀಕ್ ಕೊಲ್ಲಿಯ ಸುತ್ತ ಅದನ್ನು ಎಷ್ಟು ಹಿಡಿದು ತಿಂದರೂ ಸಾಲದು ಅಂತ ಅದೇ ಸರ್ಕಾರಗಳು ಗೋಗರೆಯುತ್ತಿವೆ. (ಸಾರಿಗೆ ಚೆನ್ನಾಗಿರುತ್ತೆ. ಹುಣಸೆಹುಳಿ ಸ್ವಲ್ಪ ಮುಂದಿರಲಿ.)

ಎರಡನೆಯದು ಕೈಪಿಡಿ. ಲಾರೆನ್ಸ್ ಪೇಜ್ ಮತ್ತು ಬ್ರೂಕ್ಸ್ ಬರ್ ಬರೆದ, ಪೀಟರ್ಸನ್ ಸರಣಿಯ ಸಿಹಿನೀರ ಮೀನುಗಳ ಪುಸ್ತಕ. 1991ರಲ್ಲಿ ಮೊದಲು ಬಂತು, 2011ರಲ್ಲಿ ಎರಡನೇ ಆವೃತ್ತಿ. ಈ ಸರಣಿಯ ಮೂಲ ಪುರುಷ ರೋಜರ್ ಟೋರಿ ಪೀಟರ್ಸನ್ 1934ರಲ್ಲಿ ಹಕ್ಕಿ ಪುಸ್ತಕ ಮಾಡಿದಾಗ ಹೂಡಿದ ಉಪಾಯ ತುಂಬ ಸರಳ: ಒಂದೇ ಥರ ಕಾಣೋ ಹಕ್ಕಿಗಳನ್ನು ಅಕ್ಕಪಕ್ಕ ಇಡು, ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲಿಗೆ ಗೆರೆ ಎಳೆದು ತೋರಿಸು. ‘ಇದು ಹೇಗಿದೆ’ ಅನ್ನೋದಕ್ಕಿಂತ ‘ಇದು ಅದಲ್ಲ ಅಂತ ಹೇಗೆ ಗೊತ್ತು’ ಅನ್ನೋ ಪ್ರಶ್ನೆಗೆ ಉತ್ತರ ಕೊಡೋದೇ ಒಳ್ಳೆ ಕೈಪಿಡಿಯ ಕೆಲಸ ಅನ್ನೋದು ನನ್ನ ಅಭಿಪ್ರಾಯ. ಪೇಜ್ ಮತ್ತು ಬರ್ ಪ್ರತಿ ಮೀನಿನ ಕೆಳಗೆ, ಅದನ್ನು ಹೋಲುವ ಜಾತಿಗಳು ಯಾವುವು, ಅವು ಎಲ್ಲಿ ಬೇರೆ ಅನ್ನೋದನ್ನು ಎರಡೇ ವಾಕ್ಯದಲ್ಲಿ ಹೇಳ್ತಾರೆ. ನನ್ನ ಮಟ್ಟಿಗೆ ಪುಸ್ತಕದ ಜೀವ ಇರೋದು ಆ ಎರಡು ವಾಕ್ಯದಲ್ಲೇ.

ಹಾಗಾದ್ರೆ ಅವತ್ತು ಅದನ್ನು ಯಾಕೆ ನೋಡಲಿಲ್ಲ? ಅದು ಕಾರಿನಲ್ಲಿತ್ತು. ಇದು ನೆಪ ಅಲ್ಲ, ವಿಮರ್ಶೆಯೇ. ಉತ್ತರ ಅಮೆರಿಕದ 900ಕ್ಕೂ ಹೆಚ್ಚು ಜಾತಿಗಳನ್ನು ಒಳಗೊಂಡ ಪುಸ್ತಕದಲ್ಲಿ ಬೆರಳುದ್ದದ ಮೀನುಗಳೇ ಪುಟಗಟ್ಟಲೆ ಇವೆ. ಗಾಳಕ್ಕೆ ಬೀಳೋದು ಇಪ್ಪತ್ತೋ ಇಪ್ಪತ್ತೈದೋ ಜಾತಿ. ಒದ್ದೆ ಕೈ, ಒದ್ದಾಡೋ ಮೀನು, ನೀರಿನಿಂದ ಹೊರಗಿರೋ ಅದಕ್ಕೆ ಇರೋದು ನಿಮಿಷಗಳು. ಆ ಹೊತ್ತಲ್ಲಿ ಸಾವಿರ ಜನರಿರೋ ಛತ್ರದಲ್ಲಿ ನೆಂಟರನ್ನು ಹುಡುಕೋದಕ್ಕೆ ಯಾರಿಗೂ ಆಗೋದಿಲ್ಲ. ಹಾಗಾಗಿ ಎಲ್ಲರ ಕೈಯೂ ಫೋನಿಗೇ ಹೋಗುತ್ತೆ.

ಆ್ಯಪಿನ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡ್ತೀನಿ, ಯಾಕಂದ್ರೆ ಅದು ನನ್ನ ಹೊಟ್ಟೆಪಾಡು. ನಾನು ಡೇಟಾ ಸೈಂಟಿಸ್ಟ್. ಮಾಸ್ಟರ್ಸ್ ಮಾಡಿದ್ದೇ ಇಂಥ ಮಾಡೆಲ್‌ಗಳ ಮೇಲೆ. 94% ಅನ್ನೋ ಅಂಕಿಯನ್ನು ನಂಬೋದಕ್ಕೆ ಮುಂಚೆ ಏನು ಕೇಳಬೇಕು ಅಂತ ಆಫೀಸಿನಲ್ಲಿ ಕಿರಿಯರಿಗೆ ಪಾಠ ಮಾಡ್ತೀನಿ. ಕೆರೆ ದಡದಲ್ಲಿ ಒಂದನ್ನೂ ಕೇಳಲಿಲ್ಲ.

ಆ 94 ಎಲ್ಲಿಂದ ಬರುತ್ತೆ? ಇಂಥ ಮಾಡೆಲ್‌ಗೆ ಗೊತ್ತಿರೋ ಜಾತಿಗಳ ಒಂದು ಪಟ್ಟಿ ಇರುತ್ತೆ. ಚಿತ್ರ ಬಂದ ಕೂಡಲೇ 100 ಅಂಕವನ್ನು ಆ ಪಟ್ಟಿಯಲ್ಲಿರೋರಿಗೆ ಹಂಚಲೇಬೇಕು. ‘ಇವರಲ್ಲಿ ಯಾರೂ ಅಲ್ಲ’ ಅನ್ನೋ ಆಯ್ಕೆಯನ್ನು ಕಟ್ಟಿದವರು ಕೊಡದಿದ್ದರೆ ಅದಕ್ಕೆ ಆ ಮಾತೇ ಗೊತ್ತಿಲ್ಲ. ನಿಮ್ಮ ಚಪ್ಪಲಿಯ ಫೋಟೋ ಕೊಟ್ಟರೂ ಯಾವುದೋ ಮೀನಿಗೆ ಅಂಕ ಕೊಡುತ್ತೆ. ಅಂದರೆ 94 ಅನ್ನೋದು ‘100 ಸಲ ಹೇಳಿದರೆ 94 ಸಲ ನಾನು ಸರಿ’ ಅನ್ನೋ ಭರವಸೆ ಅಲ್ಲ. ಹಾಗಾಗಬೇಕಾದ್ರೆ ಬೇರೆಯಾಗಿ ಪರೀಕ್ಷೆ ಮಾಡಿ ಅಂಕಿಯನ್ನು ತಿದ್ದಬೇಕು. ಬಹುಪಾಲು ಬಳಕೆದಾರರು ಇದನ್ನು ಜ್ವರದ ಥರ್ಮಾಮೀಟರ್ ಓದಿದ ಹಾಗೆ ಓದ್ತಾರೆ. ಗೊತ್ತಿದ್ದೂ ನಾನೂ ಹಾಗೇ ಓದಿದೆ.

ಇನ್ನೊಂದು ವಿಷಯ ಹೇಳ್ತೀನಿ, ನಮ್ಮ ಕ್ಷೇತ್ರದಲ್ಲಿ ಪ್ರಸಿದ್ಧವಾದದ್ದು. ಇಮೇಜ್‌ನೆಟ್ ಅನ್ನೋ ದೊಡ್ಡ ಚಿತ್ರಸಂಗ್ರಹದ ಮೇಲೆ ಇವತ್ತಿನ ಎಷ್ಟೋ ಮಾಡೆಲ್‌ಗಳು ಅಕ್ಷರಾಭ್ಯಾಸ ಮಾಡಿವೆ. ಅದರ ಸಾವಿರ ವರ್ಗಗಳಲ್ಲಿ ಮೊಟ್ಟಮೊದಲನೆಯದು ಟೆಂಚ್, ಯುರೋಪಿನ ಒಂದು ಸಿಹಿನೀರ ಮೀನು. 2019ರಲ್ಲಿ ಜರ್ಮನಿಯ ಬ್ರೆಂಡೆಲ್ ಮತ್ತು ಬೆಥ್ಗೆ ಅನ್ನೋ ಇಬ್ಬರು ಸಂಶೋಧಕರು, ಚಿತ್ರದ ಯಾವ ತುಣುಕನ್ನು ನೋಡಿ ಮಾಡೆಲ್ ‘ಟೆಂಚ್’ ಅನ್ನುತ್ತೆ ಅಂತ ಬಿಡಿಸಿ ನೋಡಿದರು. ಅದು ನೋಡ್ತಿದ್ದದ್ದು ಮನುಷ್ಯರ ಬೆರಳುಗಳನ್ನ! ಯಾಕಂದ್ರೆ ಟೆಂಚ್ ಫೋಟೋಗಳಲ್ಲಿ ಬಹಳಷ್ಟು, ಗಾಳದವನೊಬ್ಬ ಹಲ್ಕಿರಿದು ಮೀನನ್ನು ಎದೆಯ ಮುಂದೆ ಹಿಡಿದಿರೋವೇ. ಗುರಿ ಮುಟ್ಟೋಕೆ ಹತ್ತಿರದ ದಾರಿ ಸಿಕ್ಕಿದರೆ ಯಾವ ವಿದ್ಯಾರ್ಥಿ ತಾನೇ ಬಳಸೋದಿಲ್ಲ?

ನನ್ನ ಬೋಫಿನ್ ವಿಷಯದಲ್ಲಿ ಆ್ಯಪು ಏನು ನೋಡಿತೋ ನನಗೆ ಹೇಳಲಿಲ್ಲ. ನನ್ನ ದೊಡ್ಡ ಆಕ್ಷೇಪಣೆ ಅದೇ. ತಪ್ಪು ಹೇಳಿದ್ದಕ್ಕಲ್ಲ, ಅಪ್ಪನೂ ಎಷ್ಟೋ ಸಲ ತಪ್ಪು ಹೇಳಿದಾರೆ. ಕಾರಣ ಹೇಳಲಿಲ್ಲ ಅನ್ನೋದಕ್ಕೆ. ಬಾಲದ ಮುಂದಿನ ಕೆಳರೆಕ್ಕೆ ಎಷ್ಟುದ್ದ ಇದೆ ನೋಡು, ಸ್ನೇಕ್‌ಹೆಡ್‌ಗಾದರೆ ಉದ್ದ, ಬೋಫಿನ್‌ಗೆ ಗಿಡ್ಡ, ಅಂತ ಒಂದು ಮಾತು ಕೇಳಿದ್ದರೆ ನಾನು ಮೀನನ್ನು ತಿರುಗಿಸಿ ನೋಡ್ತಿದ್ದೆ. ಹೊಟ್ಟೆಯ ಜೋಡಿರೆಕ್ಕೆ ಮುಂದೆ ಕಿವಿರಿನ ಹತ್ತಿರ ಇದೆಯಾ, ನಡುಹೊಟ್ಟೆಯಲ್ಲಿದೆಯಾ? ದವಡೆಯ ಅಡಿಯಲ್ಲಿ ಅಗಲವಾದ ಮೂಳೆಯ ಫಲಕ ಇದೆಯಾ? ಯಾವುದೇ ಒಂದು ಪ್ರಶ್ನೆ ಸಾಕಿತ್ತು. ಫೋಟೋದಲ್ಲಿ ಕೆಳರೆಕ್ಕೆ ನನ್ನ ಅಂಗೈ ಒಳಗಿತ್ತು. ‘ನಿನ್ನ ಕೈ ಅಡ್ಡ ಇದೆ, ತೆಗೆದು ಇನ್ನೊಂದು ಫೋಟೋ ಹೊಡಿ’ ಅಂತ ಕೇಳೋ ಆ್ಯಪ್ ಕಟ್ಟೋದು ಇವತ್ತು ಕಷ್ಟದ ಕೆಲಸವೂ ಅಲ್ಲ. ಆದರೆ ಅಂಗಡಿಗೆ ಬೇಕಾಗಿರೋದು ತಕ್ಷಣದ ಉತ್ತರ. ಅನುಮಾನ ಮಾರಾಟ ಆಗೋದಿಲ್ಲ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಲೊಕೇಶನ್ ಪರ್ಮಿಷನ್ ನಾನೇ ಕೊಟ್ಟಿರಲಿಲ್ಲ, ಪ್ರೈವಸಿ ಅಂತ ಜಂಬ. ಚಿಕಹಾಮನಿ ಕೆರೆ ಬೋಫಿನ್‌ಗೆ ಹೆಸರುವಾಸಿ. ಅಲ್ಲಿನ ಯಾವ ಗಾಳದವನನ್ನು ಕೇಳಿದ್ದರೂ ಹೇಳ್ತಿದ್ದ. ಹೋಲಿಕೆ ನೋಡೋಕೆ ಮುಂಚೆ ಈ ನೀರಲ್ಲಿ ಯಾವುದು ಎಷ್ಟು ಸಾಮಾನ್ಯ ಅಂತ ಕೇಳು, ಇದು ಅಂಕಿಅಂಶದ ಒಂದನೇ ಪಾಠ. ಐನ್ಯಾಚುರಲಿಸ್ಟ್ ತಾಣ ಈ ವಿಷಯದಲ್ಲಿ ಎಷ್ಟೋ ವಾಸಿ. ಖಚಿತ ಇಲ್ಲದಾಗ ಜಾತಿಯವರೆಗೆ ಹೋಗದೆ ‘ಈ ಕುಲದ್ದು ಅನ್ನೋದು ಮಾತ್ರ ಗೊತ್ತು’ ಅಂತ ಒಂದು ಮೆಟ್ಟಿಲು ಹಿಂದೆ ನಿಲ್ಲುತ್ತೆ. ಆಮೇಲೆ ಮನುಷ್ಯರು ನೋಡಿ ಒಪ್ಪಬೇಕು. ಗಂಟೆ ಹಿಡಿಯುತ್ತೆ, ದಿನವೂ ಆಗಬಹುದು. ಆಗಲಿ.

ಸ್ನೇಕ್‌ಹೆಡ್ ಮೇಲೆ ಇಷ್ಟೊಂದು ಭಯ ಯಾಕೆ ಅಂತ ಹೊಸಬರಿಗೆ ಹೇಳ್ಬೇಕು. 2002ರಲ್ಲಿ ಮೇರಿಲ್ಯಾಂಡಿನ ಕ್ರಾಫ್ಟನ್ ಅನ್ನೋ ಊರಿನ ಒಂದು ಕೊಳದಲ್ಲಿ ಚೀನಾ ಮೂಲದ ಈ ಮೀನು ಮರಿ ಸಮೇತ ಸಿಕ್ಕಿತು. ಕೊಳಕ್ಕೆ ವಿಷ ಹಾಕಿ ಅಷ್ಟನ್ನೂ ಕೊಂದರು. ಟಿವಿಯವರು ನೆಲದ ಮೇಲೆ ನಡೆಯೋ ರಾಕ್ಷಸ ಅಂದರು. ಎರಡೇ ವರ್ಷದಲ್ಲಿ ‘ಫ್ರಾಂಕೆನ್‌ಫಿಶ್’ ಅಂತ ಸಿನಿಮಾನೂ ಬಂತು. 2004ರಲ್ಲಿ ಮೀನು ಪೊಟೋಮ್ಯಾಕ್ ನದಿಯಲ್ಲಿ ಕಾಣಿಸ್ಕೊಂಡಿತು, ಅಲ್ಲೇ ಸಂಸಾರ ಹೂಡಿತು. ಈಗ ಅದನ್ನು ಹಿಡಿದು ತಿನ್ನಿ ಅಂತ ಪ್ರಚಾರ. ಹೆಸರು ಕೇಳಿ ಜನ ಮುಖ ಸಿಂಡರಿಸ್ತಾರೆ ಅಂತ 2024ರಲ್ಲಿ ಮೇರಿಲ್ಯಾಂಡ್ ಸರ್ಕಾರ ಅದಕ್ಕೆ ‘ಚೆಸಪೀಕ್ ಚನ್ನಾ’ ಅಂತ ಮರುನಾಮಕರಣ ಮಾಡಿತು. ಚನ್ನಾ ಅನ್ನೋದು ಅದರ ವೈಜ್ಞಾನಿಕ ಕುಲನಾಮವೇ. ಅಪ್ಪನಿಗೆ ಹೇಳಿದಾಗ ಎರಡು ನಿಮಿಷ ನಕ್ಕರು. “ಚನ್ನಾಗೇ ಅದೆ ಬುಡು, ಈಗ್ಲಾದ್ರೂ ಗೊತ್ತಾಯ್ತಲ್ಲ ಇವ್ರಿಗೆ” ಅಂದರು. ಅವರಿಗೆ ಅದು ಹಬ್ಬದ ಮೀನು. ಊರಲ್ಲಿ ಹುಷಾರಿಲ್ಲದವರಿಗೆ ಹುಡುಕಿ ತಂದು ಕೊಡೋ ಮೀನು.

ಮೀನಿನ ಗುರುತು ಗಾಳದವರ ಹವ್ಯಾಸದ ಚಿಲ್ಲರೆ ಪ್ರಶ್ನೆ ಅಂತ ಈಗಲೂ ಅನ್ಸಿದರೆ, ಕಾವೇರಿಯ ಒಂದು ಕಥೆ ಕೇಳಿ. ಕಾವೇರಿ ಮತ್ತು ಕಬಿನಿಯ ದೊಡ್ಡ ಮಹಶೀರ್‌ಗೆ ಬ್ರಿಟಿಷರ ಕಾಲದಿಂದ ಗಾಳದವರು ಪ್ರಪಂಚದ ಮೂಲೆಮೂಲೆಯಿಂದ ಬರ್ತಿದ್ದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮೀನು ಹಿಡಿದರು. ಗೂನುಬೆನ್ನು, ಚಿನ್ನದ ಮೈ, ಕಿತ್ತಳೆ ಬಣ್ಣದ ರೆಕ್ಕೆ. ಇಷ್ಟು ಪ್ರಸಿದ್ಧವಾದ ಮೀನು ಯಾವ ಜಾತಿ ಅನ್ನೋದು ತೀರ್ಮಾನ ಆದದ್ದು 2018ರಲ್ಲಿ! ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕಿದ ಸಣ್ಣ ಮೀನುಗಳಿಗೆ 2007ರಲ್ಲಿ ವಿಜ್ಞಾನಿ ರೆಮಾದೇವಿಯವರ ಗೌರವಾರ್ಥ ‘ಟಾರ್ ರೆಮಾದೇವಿಐ’ ಅಂತ ಹೆಸರಿಟ್ಟಿದ್ದರು. ನಮ್ಮ ಗೂನುಬೆನ್ನಿನ ಮೀನೂ ಅದೇ ಜಾತಿ ಅಂತ ಗೊತ್ತಾಯಿತು. ಅದೇ ವರ್ಷ ಅದನ್ನು ಅಳಿವಿನ ಅತಿ ಗಂಭೀರ ಅಪಾಯದಲ್ಲಿರೋ ಪಟ್ಟಿಗೆ ಸೇರಿಸಿದರು.

ಈ ಅಪಾಯ ಕಂಡದ್ದು ಹೇಗೆ ಗೊತ್ತಾ? ಗಾಳದವರ ನೋಟ್‌ಬುಕ್‌ನಿಂದ. ಕಾವೇರಿ ದಂಡೆಯ ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಯಾರು ಎಷ್ಟು ಹಿಡಿದರು, ಎಷ್ಟು ತೂಕ ಅಂತ ಬರೆದಿಟ್ಟಿದ್ದರು. ಪಿಂಡರ್ ಮತ್ತು ಸಂಗಡಿಗರು ಅದನ್ನು ಕೂಡಿ ಕಳೆದು ನೋಡಿದರು. ಒಟ್ಟು ಮಹಶೀರ್ ಸಂಖ್ಯೆ ಏರ್ತಾನೇ ಇತ್ತು. ಖುಷಿಪಡಬೇಕು, ಅಲ್ವಾ? ಆದರೆ ಬರೆದವರು ‘ಮಹಶೀರ್’ ಅಂತ ಬಿಟ್ಟಿರಲಿಲ್ಲ. ಗೂನುಬೆನ್ನಿನದ್ದು ಬೇರೆ, ನೀಲಿರೆಕ್ಕೆಯದ್ದು ಬೇರೆ ಅಂತ ಗುರುತು ಹಾಕಿದ್ದರು. ಏರ್ತಿದ್ದದ್ದು ನೀಲಿರೆಕ್ಕೆಯದ್ದು, ಲೋನಾವಳ ಕಡೆಯ ಹ್ಯಾಚರಿಯಲ್ಲಿ ಬೆಳೆಸಿ ತಂದು ಬಿಟ್ಟದ್ದು. ಗೂನುಬೆನ್ನು ಕರಗ್ತಿತ್ತು. ರೆಕ್ಕೆಯ ಬಣ್ಣದ ಆ ಒಂದು ಕಾಲಂ ಇಲ್ಲದಿದ್ದರೆ ಅಂಕಿಯಲ್ಲಿ ಏರುಗತಿ, ನದಿಯಲ್ಲಿ ಸಾವು. ನನ್ನ ವೃತ್ತಿಯಲ್ಲಿ ಇಷ್ಟು ಚೆನ್ನಾದ ಡೇಟಾಸೆಟ್ ನಾನು ಕಂಡಿಲ್ಲ, ಅದನ್ನು ಕಟ್ಟಿದವರು ಸಂಜೆ ಬಿಯರ್ ಹಿಡಿದು ಕೂತ ಹವ್ಯಾಸಿಗಳು ಮತ್ತು ಅವರಿಗೆ ದಾರಿ ತೋರಿಸಿದ ಊರಿನ ಗೈಡ್‌ಗಳು.

ಇಲ್ಲೇ ಹುಟ್ಟಿ ಬೆಳೆದು ಕನ್ನಡ ಕಲೀತಿರೋ ಓದುಗರಿಗೆ ಒಂದು ಮಾತು. ನಮ್ಮ ಕೆಲವು ಕನ್ನಡ ಶಾಲೆಗಳಲ್ಲಿ ಬ್ಲೂಗಿಲ್‌ಗೆ ‘ನೀಲಿಕಿವಿರು’, ಸ್ಮಾಲ್‌ಮೌತ್ ಬಾಸ್‌ಗೆ ‘ಸಣ್ಣಬಾಯಿ’ ಅಂತ ಪಟ್ಟಿ ಮಾಡೋ ಉತ್ಸಾಹ ನೋಡಿದೀನಿ. ನನಗೆ ಒಪ್ಪಿಗೆ ಇಲ್ಲ. ಆ ಹೆಸರುಗಳನ್ನು ಯಾವ ಊರಲ್ಲೂ ಯಾರೂ ಕೂಗೋದಿಲ್ಲ. ಬ್ಲೂಗಿಲ್ ಬ್ಲೂಗಿಲ್ ಆಗೇ ಇರಲಿ. ಬದಲಿಗೆ ಮೀನಿನ ಮೈ ಕಲೀರಿ: ಕಿವಿರು, ಹುರುಪೆ, ಮೀಸೆ, ಮುಳ್ಳು, ದವಡೆ, ಬೆನ್ನುರೆಕ್ಕೆ. ಇಷ್ಟಿದ್ದರೆ ದೊಡ್ಡಬಾಯಿಯ ಬಾಸ್‌ಗೆ ದವಡೆ ಕಣ್ಣು ದಾಟಿ ಹಿಂದೆ ಹೋಗುತ್ತೆ, ಸಣ್ಣಬಾಯಿಯದಕ್ಕೆ ಕಣ್ಣಿನ ಕೆಳಗೇ ನಿಲ್ಲುತ್ತೆ ಅಂತ ಅಜ್ಜನಿಗೆ ಫೋನಿನಲ್ಲಿ ಹೇಳಬಹುದು. ಅಜ್ಜ ಆ ಮೀನನ್ನು ಜನ್ಮದಲ್ಲಿ ನೋಡಿರದಿದ್ದರೂ ಅವರಿಗೆ ಕಣ್ಣಿಗೆ ಕಟ್ಟುತ್ತೆ.

ಮನೆಯಲ್ಲಿ ಈಗ ಒಂದು ರಟ್ಟಿನ ತುಂಡಿದೆ, ಲ್ಯಾಮಿನೇಟ್ ಮಾಡಿಸಿ ಗಾಳದ ಡಬ್ಬಿಗೆ ದಾರ ಕಟ್ಟಿದೀನಿ. ಅದರಲ್ಲಿ ಚಿತ್ರ ಇಲ್ಲ. ಒಂಬತ್ತು ಜೋಡಿ ಹೆಸರು, ಪ್ರತಿ ಜೋಡಿಯ ಮುಂದೆ ಒಂದು ಪ್ರಶ್ನೆ. ಅಪ್ಪ ಊರಿಗೆ ಹೋಗೋ ಹಿಂದಿನ ದಿನ ಓದಿ, ಬೋಫಿನ್ ಸಾಲಿನ ಮುಂದೆ ಪೆನ್ನಿನಲ್ಲಿ ‘ತಲೆ ಸವರು’ ಅಂತ ಸೇರಿಸಿದರು.

ಮೊನ್ನೆ ಏಳು ವರ್ಷದ ಮಗಳ ಗಾಳಕ್ಕೆ ಅಂಗೈಯಗಲದ ಸನ್‌ಫಿಶ್ ಬಿತ್ತು. ನಾನು ಬ್ಲೂಗಿಲ್ ಅಂದೆ, ದೂರದಿಂದಲೇ. ಅವಳು ಕೈ ಒದ್ದೆ ಮಾಡ್ಕೊಂಡು ಹಿಡಿದು, ಕಿವಿರಿನ ತುದಿ ನೋಡಿದಳು. ಅಲ್ಲಿ ಕುಂಕುಮದ ಚುಕ್ಕೆ ಇಟ್ಟ ಹಾಗೆ ಕೆಂಪು. ಕೆನ್ನೆ ಮೇಲೆ ನೀಲಿ ಗೆರೆಗಳು. “ಪಂಪ್ಕಿನ್‌ಸೀಡ್ ಅಪ್ಪಾ, ನೀವು ನೋಡ್ಲೇ ಇಲ್ಲ,” ಅಂತ ಹೇಳಿ ನೀರಿಗೆ ಬಿಟ್ಟಳು.